ಮಾವನ ಬೈಕಿಗೆ ಮೈಕು

ನಮ್ಮ ಹಾಸ್ಟೆಲ್ ಪಾರ್ಕಿಂಗಿಗೆ ಯಾರಾದರೂ ಬೈಕಿಗೆ ಸ್ಪೀಕರ್ ಹಾಕಿಸಿಕೊಂಡು ಬಂದರೆ ಸುತ್ತ ಸೇರಿದವರ ಮೊದಲ ಪ್ರಶ್ನೆ ಒಂದೇ: "ಎಷ್ಟು ವಾಟ್ಸ್ ಮಗಾ?" ಉತ್ತರ ಇನ್ನೂರರಿಂದ ಶುರುವಾಗುತ್ತೆ. ಒಬ್ಬನಂತೂ ಸಾವಿರ ಅಂದಿದ್ದ. ಬೈಕಿನ ಬ್ಯಾಟರಿ 12 ವೋಲ್ಟು. ಅದರಿಂದ ಸಾವಿರ ವಾಟ್ಸ್ ಬರಬೇಕು ಅಂದರೆ 83 ಆಂಪಿಯರ್ ಎಳೆಯಬೇಕು. ಅವನ ಬೈಕಿನ ಫ್ಯೂಸ್ 10 ಆಂಪಿಯರಿಂದು. ಪಿಯುಸಿಯಲ್ಲಿ ಓದಿದ ಗುಣಾಕಾರ ಇದು, ಆದರೆ ಡಬ್ಬದ ಮೇಲೆ ಬಂಗಾರದ ಬಣ್ಣದಲ್ಲಿ ನಂಬರ್ ಹೊಡೆದಿದ್ದರೆ ನಾವು ಇಂಜಿನಿಯರಿಂಗ್ ಹುಡುಗರೂ ಅದನ್ನೇ ನಂಬಿಬಿಡ್ತೀವಿ.

ನನಗೆ ಈ ವಿಷಯದಲ್ಲಿ ಸ್ವಲ್ಪ ಬುದ್ಧಿ ಬಂದಿದ್ದು ಲ್ಯಾಬಿನಲ್ಲಲ್ಲ, ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ಮನೆಯ ಹಟ್ಟಿಯಲ್ಲಿ. ಅಲ್ಲಿ ಬೈಕಿಗೆ ಸ್ಪೀಕರ್ ಕಟ್ಟಿದ್ದು ಶೋಕಿಗಲ್ಲ. ಮಾವನ ಗಂಟಲು ಹೋಗಿತ್ತು.

ಮಾವ ಸೊಪ್ಪು, ತರಕಾರಿ ಮಾರ್ತಾರೆ. ಹಳೇ 100 ಸಿಸಿ ಬೈಕು, ಹಿಂದೆ ಎರಡು ಪ್ಲಾಸ್ಟಿಕ್ ಕ್ರೇಟು, ಪಕ್ಕಕ್ಕೆ ಎರಡು ಗೋಣಿಚೀಲ, ಹ್ಯಾಂಡಲ್‌ಗೆ ತಕ್ಕಡಿ. ಬೆಳಗಿನ ಜಾವ ನಾಲ್ಕೂವರೆಗೆ ಮಂಡಿಗೆ ಹೋಗಿ ಮಾಲು ತುಂಬಿಕೊಂಡು, ಆರೂವರೆಯಿಂದ ಹನ್ನೊಂದರ ತನಕ ಏಳೆಂಟು ಹಳ್ಳಿ ಸುತ್ತುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಇಪ್ಪತ್ತೆರಡು ವರ್ಷದಿಂದ ಕೂಗೇ ಅವರ ಬೋರ್ಡು. ಪ್ರತಿ ಬೀದಿಯ ತುದಿಯಲ್ಲಿ ಬೈಕ್ ನಿಲ್ಲಿಸಿ, ಎಡಗೈಯನ್ನು ಕಿವಿಗೆ ಹಿಡಿದು, "ಸೊಪ್ಪೋಯ್... ದಂಟು, ಮೆಂತ್ಯ, ಸಬ್ಸಿಗೆ ಸೊಪ್ಪೋಯ್" ಅಂತ ಎಳೆದರೆ ಮೂರು ಬೀದಿ ಆಚೆ ಇರೋ ಅಜ್ಜಿ ಕೂಡ ಪಾತ್ರೆ ಹಿಡಿದುಕೊಂಡು ಎದ್ದು ಬರ್ತಿದ್ದರು.

ಹೋದ ವರ್ಷ ಮೇ ಹೊತ್ತಿಗೆ ಆ ಕೂಗು ಒಡೆದು ಹೋಗಿತ್ತು. ಬೆಳಿಗ್ಗೆ ಮೊದಲ ಹಳ್ಳಿಯಲ್ಲಿ ಹೇಗೋ ಹೊರಡ್ತಿತ್ತು, ನಾಲ್ಕನೆಯ ಹಳ್ಳಿಗೆ ಬರೀ ಗಾಳಿ. ಮೈಸೂರಿನಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿದಾಗ ಧ್ವನಿತಂತುಗಳ ಮೇಲೆ ಗಂಟಿನ ಹಾಗೆ ದಪ್ಪ ಆಗಿದೆ ಅಂದರು. ಮೇಷ್ಟ್ರುಗಳಿಗೆ, ಹಾಡುವವರಿಗೆ, ಕೂಗಿ ಮಾರುವವರಿಗೆ ಬರುವಂಥದ್ದಂತೆ. ಎರಡು ತಂತು ಒಂದಕ್ಕೊಂದು ಬಡಿದು ಬಡಿದು ಕೈಯಲ್ಲಿ ಗುದ್ದಲಿ ಹಿಡಿದವನಿಗೆ ಆಣಿ ಏಳುವ ಹಾಗೆ. ಕೂಗೋದು ಪೂರ್ತಿ ನಿಲ್ಲಿಸಬೇಕು, ಪಿಸುಗುಟ್ಟಲೂಬಾರದು, ಸಣ್ಣ ದನಿಯಲ್ಲಿ ಸಾಮಾನ್ಯವಾಗಿ ಮಾತಾಡಬೇಕು ಅಂದರು. ಮಾವ ಹೊರಗೆ ಬಂದು ಅತ್ತೆಗೆ ಹೇಳಿದ್ದು ಇಷ್ಟೇ: "ಕೂಗ್ದೆ ಸೊಪ್ಪು ಮಾರೋದ್ ಎಂಗೆ ಅಂತ ಡಾಕ್ಟ್ರು ಬರ್ಕೊಡ್ನಿಲ್ಲ."

ಸೊಪ್ಪಿಗೆ ನಾಳೆ ಅನ್ನೋದಿಲ್ಲ. ಈರುಳ್ಳಿ ಉಳಿದರೆ ನಾಳೆ ಮಾರಬಹುದು, ಮೆಂತ್ಯ ಸೊಪ್ಪು ಮಧ್ಯಾಹ್ನ ಹನ್ನೆರಡಕ್ಕೆ ಬಾಡಿ ಮಲಗುತ್ತೆ. ಕೂಗು ತಲುಪದ ಪ್ರತಿ ಬೀದಿಯೂ ಅವತ್ತಿನ ದುಡ್ಡಿನಲ್ಲಿ ತೂತು.

ಮಾವ ನನಗೆ ಫೋನ್ ಮಾಡೋ ಮೊದಲೇ ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಕೈಲಿ ಒಂದು ಸೆಟ್ ಹಾಕಿಸಿದ್ದರು. ಬೋರ್ಡಿನ ಥರದ ಒಂದು ಸಣ್ಣ ಆಂಪ್ಲಿಫೈಯರ್, ಕಾರಿಗೆ ಹಾಕುವ ನಾಲ್ಕಿಂಚಿನ ಎರಡು ಸ್ಪೀಕರ್, ಪೆನ್‌ಡ್ರೈವ್ ಹಾಕುವ ಪ್ಲೇಯರ್. ಅದು ಎರಡೇ ದಿನಕ್ಕೆ "ಟಕ್ ಟಕ್" ಅಂತ ಬಡಿದುಕೊಂಡು ನಿಂತುಹೋಗೋಕೆ ಶುರುವಾಯಿತು. ಮೆಕ್ಯಾನಿಕ್ ನೋಡಿ "ಆಂಪ್ಲಿಫೈಯರ್ ಹೋಗಿದೆ, ಇನ್ನೂ ದೊಡ್ಡದು ಹಾಕ್ಬೇಕು" ಅಂದರಂತೆ. ಆಗ ನನಗೆ ಫೋನ್ ಬಂತು. "ಏನ್ಲಾ ಅಳಿಯ, ನೀನೂ ಅದೇನೋ ಎಲೆಕ್ಟ್ರಾನಿಕ್ಸು ಓದ್ತಿದ್ದೀಯಲ್ಲ, ವಸಿ ಬಂದ್ ನೋಡು." ನಾಲ್ಕನೇ ಸೆಮ್ ಪರೀಕ್ಷೆ ಮುಗಿದಿತ್ತು. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ.

ಆಂಪ್ಲಿಫೈಯರ್ ಹೋಗಿರಲಿಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬೈಕಿಗೆ ಸ್ಪೀಕರ್ ಹಾಕೋ ನಿಮ್ಮಲ್ಲಿ ಅರ್ಧ ಜನಕ್ಕೆ ಇದೇ ತೊಂದರೆ ಬರುತ್ತೆ. ಬೈಕಿನ ವೈರಿಂಗಿನಲ್ಲಿ ಒಂದು ರೂಢಿ ಇದೆ. ನೆಗೆಟಿವ್ ಅಂದರೆ ಚಾಸಿಸ್. ಬ್ಯಾಟರಿಯ ನೆಗೆಟಿವ್ ಫ್ರೇಮಿಗೆ ಬಿಗಿದಿರುತ್ತೆ, ಹಾಗಾಗಿ ಬಲ್ಬಿಗೋ ಹಾರ್ನಿಗೋ ಒಂದು ಪಾಸಿಟಿವ್ ವೈರ್ ಎಳೆದು ಇನ್ನೊಂದು ತುದಿಯನ್ನು ಹತ್ತಿರದ ಬೋಲ್ಟಿಗೆ ಕೊಟ್ಟರೆ ಕೆಲಸ ಆಯ್ತು. ವೈರ್ ಉಳೀತು. ಆ ಮೆಕ್ಯಾನಿಕ್ ಸ್ಪೀಕರಿಗೂ ಅದನ್ನೇ ಮಾಡಿದ್ದರು. ಸ್ಪೀಕರಿನ ಕಪ್ಪು ವೈರನ್ನು ಹ್ಯಾಂಡಲ್ ಕ್ಲಾಂಪಿನ ಬೋಲ್ಟಿಗೆ ಸುತ್ತಿ ಬಿಗಿ ಮಾಡಿದ್ದರು.

ಈಗಿನ ಇಂಥ ಬೋರ್ಡುಗಳಲ್ಲಿ ಸ್ಪೀಕರಿನ ಎರಡು ತುದಿಯೂ 'ಬಿಸಿ'. ಬ್ರಿಜ್ ಔಟ್‌ಪುಟ್ ಅಂತ ನಾವು ಓದ್ತೀವಲ್ಲ, ಅದೇ. ಒಂದು ತುದಿ ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತೆ, ಸ್ಪೀಕರ್ ಇವೆರಡರ ನಡುವೆ ಹಗ್ಗಜಗ್ಗಾಟದ ಹಗ್ಗದ ಹಾಗೆ ಇರುತ್ತೆ. ಏನೂ ಶಬ್ದ ಇಲ್ಲದಾಗ ಎರಡೂ ತುದಿ ಸುಮಾರು ಅರ್ಧ ಸಪ್ಲೈನಲ್ಲಿ, ಅಂದರೆ 6 ವೋಲ್ಟ್ ಆಸುಪಾಸಿನಲ್ಲಿ ನಿಂತಿರುತ್ತವೆ. ಸ್ಪೀಕರಿನ ಒಂದು ತುದಿಯನ್ನು ಫ್ರೇಮಿಗೆ ಕೊಟ್ಟರೆ ಆ 6 ವೋಲ್ಟಿನಿಂದ ಸ್ಪೀಕರಿನ ಮೂಲಕ ಫ್ರೇಮಿಗೆ ಬಿಡದೆ ಕರೆಂಟ್ ಹರಿಯುತ್ತೆ. ಚಿಪ್ ಪಾಪ ತನ್ನನ್ನು ತಾನು ಉಳಿಸಿಕೊಳ್ಳೋಕೆ ಆಫ್ ಆಗುತ್ತೆ, ಮತ್ತೆ ಆನ್ ಆಗಿ ನೋಡುತ್ತೆ, ಮತ್ತೆ ಆಫ್. ಆ ಟಕ್ ಟಕ್ ಅದೇ. ಎರಡು ಕಪ್ಪು ವೈರನ್ನೂ ಬೋಲ್ಟಿನಿಂದ ಬಿಚ್ಚಿ ಆಂಪ್ಲಿಫೈಯರಿನ ಅದರದರ ಟರ್ಮಿನಲ್ಲಿಗೆ ಕೊಟ್ಟ ತಕ್ಷಣ ಅಣ್ಣಾವ್ರ ಹಾಡು ಹಟ್ಟಿ ತುಂಬ ಕೇಳಿಸಿತು. ಮಾವನ ಮುಖ ಅರಳಿತು. "ಇಷ್ಟೇನಾ?" ಅಂದರು. ಇಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು.

ಹಟ್ಟಿ ತುಂಬ ಕೇಳಿಸಿದ್ದು ಬೀದಿ ತುಂಬ ಕೇಳಿಸಲಿಲ್ಲ. ನಾನು ಬೈಕ್ ಪಕ್ಕ, ಮಾವ ನಡೆದುಕೊಂಡು ಹೋದರು. ಮೂರನೇ ಮನೆ ದಾಟುವಾಗ ಕೈ ಆಡಿಸಿ "ಇಲ್ಲ" ಅಂದರು. ವಾಲ್ಯೂಮ್ ಜಾಸ್ತಿ ಮಾಡಿದರೆ ಹಾಡು ಹರಿದ ಬಟ್ಟೆ ಥರ ಕೇಳಿಸುತ್ತಿತ್ತು.

ಬೋರ್ಡಿನ ಮೇಲೆ 50+50 ವಾಟ್ಸ್ ಅಂತಿತ್ತು. ಅದರಲ್ಲಿದ್ದ ಚಿಪ್ ಟಿಪಿಎ 3116. ಅದರ ಡೇಟಾಶೀಟ್ ಸುಳ್ಳು ಹೇಳಲ್ಲ: 4 ಓಮ್ ಸ್ಪೀಕರಿಗೆ 50 ವಾಟ್ಸ್ ಬರೋದು 21 ವೋಲ್ಟ್ ಕೊಟ್ಟಾಗ. 12 ವೋಲ್ಟಿನಲ್ಲಿ ಬ್ರಿಜ್ ಔಟ್‌ಪುಟ್ ಅತಿ ಹೆಚ್ಚೆಂದರೆ 12 ವೋಲ್ಟ್ ಪೀಕ್ ಕೊಡಬಹುದು. ವರ್ಗ ಮಾಡಿ, ಎರಡರಿಂದ ಭಾಗಿಸಿ, 4 ಓಮ್‌ನಿಂದ ಭಾಗಿಸಿ. 18 ವಾಟ್ಸ್. ಅದೂ ನಷ್ಟ ಗಿಷ್ಟ ಲೆಕ್ಕ ಬಿಟ್ಟು. ಬ್ಯಾಟರಿ ಬದಲಾಯಿಸದೆ ಇದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಹಾಕಿಸಿದ್ದರೂ, ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದಿದ್ದರೆ, ಇದೇ 18. ಬೋರ್ಡಿನ ಮೇಲಿನ ನಂಬರ್ ಮಾತ್ರ ದೊಡ್ಡದಾಗ್ತಿತ್ತು, ಬಿಲ್ಲೂ ದೊಡ್ಡದಾಗ್ತಿತ್ತು.

ಹಾಗಾದರೆ ಊರಬ್ಬದ ಮೈಕ್ ಸೆಟ್ ಹೊಲದಾಚೆಗೂ ಹೇಗೆ ಕೇಳಿಸುತ್ತೆ? ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತೆ. ಒಂದು ಮೀಟರಿನಿಂದ 64 ಮೀಟರಿಗೆ ಹೋಗೋಕೆ ಆರು ಸಲ ಎರಡು ಪಟ್ಟು, ಅಂದರೆ 36 ಡೆಸಿಬಲ್ ಲಾಸ್. ಕಾರಿನ ನಾಲ್ಕಿಂಚಿನ ಸ್ಪೀಕರ್ ಒಂದು ವಾಟ್ ಕೊಟ್ಟರೆ ಒಂದು ಮೀಟರಿನಲ್ಲಿ ಸುಮಾರು 89 ಡೆಸಿಬಲ್ ಕೊಡುತ್ತೆ. 18 ವಾಟ್ಸಿಗೆ ಇನ್ನೂ ಹನ್ನೆರಡೂವರೆ ಸೇರಿಸಿ. 64 ಮೀಟರಿನಲ್ಲಿ ಉಳಿಯೋದು 65 ಚಿಲ್ಲರೆ, ಅದೂ ಪೂರ್ತಿ ಕಿರುಚುವಾಗ. ಪಕ್ಕದಲ್ಲಿ ಟಿವಿ ಹಾಕಿಕೊಂಡು ಒಗ್ಗರಣೆ ಕೊಡ್ತಿರೋರಿಗೆ ಅದು ಕೇಳಿಸಲ್ಲ. ಆದರೆ ಆ ಕಹಳೆ ಆಕಾರದ ಹಾರ್ನ್ ಸ್ಪೀಕರ್, ಊರಲ್ಲಿ ಎಲ್ಲರೂ 'ಮೈಕು' ಅನ್ನೋದು ಅದನ್ನೇ (ನಿಜವಾದ ಮೈಕಿಗೆ ನಮ್ಮೂರಲ್ಲಿ ಹೆಸರೇ ಇಲ್ಲ, ಅದನ್ನೂ ಮೈಕು ಅಂತಲೇ ಅಂತಾರೆ), ಅದು ಅದೇ ಒಂದು ವಾಟಿಗೆ 105 ಡೆಸಿಬಲ್ ಕೊಡುತ್ತೆ. ಹದಿನಾರು ಡೆಸಿಬಲ್ ವ್ಯತ್ಯಾಸ ಅಂದರೆ ಪವರ್ ಲೆಕ್ಕದಲ್ಲಿ ನಲವತ್ತು ಪಟ್ಟು. ಗಾಳಿಯನ್ನು ಹಿಡಿದು ತಳ್ಳೋಕೆ ಸ್ಪೀಕರ್ ಕೋನಿಗೆ ಅಷ್ಟು ಚೆನ್ನಾಗಿ ಬರಲ್ಲ. ಹಾರ್ನಿನ ಕೊಳವೆ ಸಣ್ಣ ಬಾಯಿಂದ ದೊಡ್ಡ ಬಾಯಿಗೆ ನಿಧಾನಕ್ಕೆ ಅಗಲವಾಗುತ್ತಾ ಆ ಕೆಲಸ ಮಾಡಿಕೊಡುತ್ತೆ. ಮಾವ ಕೂಗುವಾಗ ಕೈಯನ್ನು ಬಾಯಿಗೆ ದೊಣ್ಣೆಯಾಗಿ ಹಿಡಿಯುತ್ತಿದ್ದ ದಿನಗಳೂ ಇದ್ದವು, ಅದೂ ಇದೇ ಲೆಕ್ಕ.

ಶಾಮಿಯಾನ ಅಂಗಡಿಯಲ್ಲಿ ಒಂದು ಸಣ್ಣ ಹಳೇ ಹಾರ್ನ್ ಸಿಕ್ಕಿತು. 16 ಓಮ್. ಅದಕ್ಕೆ ನಮ್ಮ ಬೋರ್ಡು 12 ವೋಲ್ಟಿನಲ್ಲಿ ಕೊಡೋದು ಬರೀ ನಾಲ್ಕೂವರೆ ವಾಟ್. ಆದರೂ 64 ಮೀಟರಿನಲ್ಲಿ 75 ಡೆಸಿಬಲ್ ಬರಬೇಕು ಅಂತ ಲೆಕ್ಕ. ಕಾಲು ಭಾಗ ಪವರಿಗೆ ಹತ್ತು ಡೆಸಿಬಲ್ ಜಾಸ್ತಿ. ಹಾಸ್ಟೆಲ್ಲಿನಲ್ಲಿ "ಎಷ್ಟು ವಾಟ್ಸ್ ಮಗಾ" ಅಂತ ಕೇಳಿದರೆ ನಾಲ್ಕೂವರೆ ಅಂತ ಹೇಳೋಕೆ ಈಗ ನನಗೆ ಒಂಥರಾ ಖುಷಿ.

ಹಾರ್ನಿಗೆ ಒಂದು ಕಾಯಿಲೆ ಇದೆ, ಹಾಡು ಅದರಲ್ಲಿ ಡಬ್ಬದೊಳಗಿನಿಂದ ಬಂದ ಹಾಗೆ ಕೇಳಿಸುತ್ತೆ. ಸುಮಾರು 400 ಹರ್ಟ್ಸ್‌ಗಿಂತ ಕೆಳಗಿನದ್ದು ಅದರಿಂದ ಹೊರಡೋದೇ ಇಲ್ಲ. ಹೊರಡದ ಆ ತಗ್ಗು ಸ್ವರ ಒಳಗಿನ ಡಯಾಫ್ರಮ್ಮನ್ನು ಸುಮ್ಮನೆ ಅಲ್ಲಾಡಿಸಿ ಹಾಳು ಮಾಡುತ್ತೆ. ಅದಕ್ಕೆ ಸೀರೀಸಿನಲ್ಲಿ ಒಂದು 22 ಮೈಕ್ರೋಫ್ಯಾರಡ್ ನಾನ್-ಪೋಲಾರ್ ಕೆಪಾಸಿಟರ್ ಹಾಕಿದೆ. 16 ಓಮ್‌ಗೆ ಅದು 450 ಹರ್ಟ್ಸ್ ಹತ್ತಿರ ಕತ್ತರಿಸುತ್ತೆ. ಮಾತಿಗೆ ಸಾಕು.

ಆದರೆ ಮಾವನಿಗೆ ಹಾಡೂ ಬೇಕಿತ್ತು. ಅವರು ಬಾಯಿಬಿಟ್ಟು ಕೇಳಲಿಲ್ಲ. ಹಾರ್ನ್ ಕಟ್ಟೋಕೆ ಅಂತ ನಾನು ನಾಲ್ಕಿಂಚಿನ ಸ್ಪೀಕರ್ ಬಿಚ್ಚುವಾಗ "ಅದೂ ಇರ್ಲಿ ಬುಡ್ಲಾ, ದುಡ್ಡು ಕೊಟ್ಟಿವ್ನಿ" ಅಂದರು. ಅತ್ತೆ ಒಳಗಿಂದ "ವಾಪಸ್ ಬರ್ವಾಗ ಒಬ್ರೇ ಹಾಡ್ಕಂಡ್ ಬರೋರು, ಈಗ ಅದೂ ಆಗಕಿಲ್ಲ" ಅಂದರು. ಆಮೇಲೆ ನಾನು ಬಿಚ್ಚಲಿಲ್ಲ.

ಬೋರ್ಡಿಗೆ ಎರಡು ಚಾನೆಲ್. ಎಡಕ್ಕೆ ಹಾರ್ನು, ಬಲಕ್ಕೆ ನಾಲ್ಕಿಂಚಿನ ಸ್ಪೀಕರ್ ಒಂದು. ಕೂಗಿನ ಫೈಲುಗಳನ್ನು ಆಡಾಸಿಟಿಯಲ್ಲಿ ಪೂರ್ತಿ ಎಡಕ್ಕೆ ತಳ್ಳಿದೆ, ಹಾಡುಗಳನ್ನು ಮೊನೋ ಮಾಡಿ ಪೂರ್ತಿ ಬಲಕ್ಕೆ. ಒಂದೇ ಪೆನ್‌ಡ್ರೈವ್, ಒಂದೇ ಪ್ಲೇಯರ್. ಕೂಗು ಹಾಕಿದರೆ ಊರಿಗೆ, ಹಾಡು ಹಾಕಿದರೆ ಮಾವನಿಗೆ ಮಾತ್ರ. ಸ್ವಿಚ್ಚು ಗಿಚ್ಚು ಏನೂ ಬೇಡ. ಈ ಪ್ರಾಜೆಕ್ಟಿನಲ್ಲಿ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದು ಇದಕ್ಕೆ ಮಾತ್ರ. ಸ್ಪೀಕರನ್ನು ಬಯಲಿಗೆ ಬರೀ ಕಟ್ಟಿದರೆ ಅದರ ಹಿಂದಿನ ಗಾಳಿ ಮುಂದಿನ ಗಾಳಿಯನ್ನು ತಿಂದುಹಾಕಿ ಬೇಸ್ ಇಲ್ಲದ ಹಾಗಾಗುತ್ತೆ. ಅದಕ್ಕೆ 110 ಎಂಎಂ ಪಿವಿಸಿ ಪೈಪಿನ ಒಂದು ತುಂಡು, ಹಿಂದೆ ಎಂಡ್ ಕ್ಯಾಪ್. ಪ್ಲಂಬರ್ ಅಂಗಡಿಯಲ್ಲಿ ಉಳಿದ ತುಂಡನ್ನು ಪುಕ್ಕಟೆ ಕೊಟ್ಟರು.

ಬ್ಯಾಟರಿ ವಿಷಯಕ್ಕೆ ಮಾವನಿಗೂ ನನಗೂ ಒಂದು ಸಣ್ಣ ಜಗಳವೇ ಆಯಿತು. "ಗಾಡೀಲೇ ಕರೆಂಟ್ ಅದಲ್ಲ, ಇನ್ನೊಂದ್ ಬ್ಯಾಟ್ರಿ ಯಾಕ್ಲಾ?" ಅನ್ನೋದು ಅವರ ವಾದ. ಬೈಕಿನ ಬ್ಯಾಟರಿ 2.5 ಆಂಪಿಯರ್-ಅವರ್. ಎಂಜಿನ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದೆ: 12.3. ಹಾರ್ನ್ ಒತ್ತಿಸಿದೆ: 10.1. ಅಂದರೆ ಅದರ ಜೀವ ಆಗಲೇ ಅರ್ಧ ಹೋಗಿದೆ. ಮಾವ ಪೆಟ್ರೋಲ್ ಉಳಿಸೋಕೆ ಪ್ರತಿ ನಿಲುಗಡೆಯಲ್ಲೂ ಎಂಜಿನ್ ಆಫ್ ಮಾಡ್ತಾರೆ, ಕೂಗೋದು ಅಲ್ಲೇ. ಓಡಿಸೋದು ಬೀದಿಯಿಂದ ಬೀದಿಗೆ, ಎರಡನೇ ಗೇರಿನಲ್ಲಿ. ಆ ಸ್ಪೀಡಿಗೆ ತುಂಬೋದು ಕಮ್ಮಿ, ಖಾಲಿ ಆಗೋದು ಜಾಸ್ತಿ. ಕಿಕ್ ಗಾಡಿ, ಸ್ಟಾರ್ಟ್ ಆಗೋಕೆ ತೊಂದರೆ ಇಲ್ಲ ನಿಜ. ಆದರೆ ಇಂಡಿಕೇಟರ್ ಮಂಕಾದ, ಹಾರ್ನ್ ಕುರಿಮರಿ ಥರ ಅರಚೋ ಬೈಕಿನಲ್ಲಿ ಎರಡು ಕ್ರೇಟ್ ಹೊತ್ತು ಹೆದ್ದಾರಿ ದಾಟೋದು ಬೇಡ ಅಂದೆ. ಕೊನೆಗೆ ಯುಪಿಎಸ್‌ನಲ್ಲಿ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ಒಂದು ತಂದ್ವಿ. ಎರಡು ಕೇಜಿ ಚಿಲ್ಲರೆ ತೂಕ. "ಎರಡ್ ಕೇಜಿ ಅಂದ್ರೆ ಅಷ್ಟು ಬೀನ್ಸ್ ಕಣ್ಲಾ" ಅಂದರು ಮಾವ. ಕೂಗುವಾಗ ಸರಾಸರಿ 0.2 ಆಂಪಿಯರ್ ಎಳೆಯುತ್ತೆ ಅಂತ ಅಳೆದಿದ್ದೆ. ಇಡೀ ಬೆಳಿಗ್ಗೆ ಬಿಡದೆ ಕೂಗಿದರೂ 1 ಆಂಪಿಯರ್-ಅವರ್ ದಾಟಲ್ಲ. ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಆಯ್ತು. ಬೈಕಿನ ಒಂದೇ ಒಂದು ವೈರನ್ನೂ ಮುಟ್ಟಬೇಕಾಗಿಲ್ಲ.

ಇದರಿಂದ ಬಂದ ಇನ್ನೊಂದು ಲಾಭ: ಎಂಜಿನ್ ರೇಸ್ ಮಾಡಿದಂತೆಲ್ಲ ಸ್ಪೀಕರಿನಲ್ಲಿ ಸೊಳ್ಳೆ ಥರ "ಕುಂಯ್" ಅನ್ನೋ ಶಬ್ದ ಇಲ್ಲಿ ಬರಲೇ ಇಲ್ಲ. ಹಾಸ್ಟೆಲ್ಲಿನ ಬೈಕುಗಳಲ್ಲಿ ಅದು ಸಾಮಾನ್ಯ. ಫೋನು ಬೈಕಿನ ಯುಎಸ್‌ಬಿಯಲ್ಲಿ ಚಾರ್ಜ್ ಆಗ್ತಿರುತ್ತೆ, ಅದೇ ಫೋನಿನಿಂದ ಆಕ್ಸ್ ವೈರ್ ಆಂಪ್ಲಿಫೈಯರಿಗೆ, ಆಂಪ್ಲಿಫೈಯರೂ ಅದೇ ಬೈಕಿನ ಬ್ಯಾಟರಿಯಿಂದ. ನೆಗೆಟಿವ್‌ಗೆ ಎರಡು ದಾರಿ ಆಯ್ತು, ಒಂದು ಸುತ್ತು ಕಟ್ಟಿಕೊಳ್ತು, ಆಲ್ಟರ್ನೇಟರಿನ ಗದ್ದಲ ಆ ಸುತ್ತಿನೊಳಗೆ ನುಗ್ಗುತ್ತೆ. ಚಾರ್ಜರ್ ಕಿತ್ತು ನೋಡಿ. ಶಬ್ದ ನಿಂತರೆ ಇದೇ ಕಾರಣ, ಹೊಸ ಆಂಪ್ಲಿಫೈಯರಿಗೆ ದುಡ್ಡು ಸುರಿಯಬೇಡಿ.

ಉಳಿದ ವೈರಿಂಗ್ ಬೇಗ ಹೇಳಿಬಿಡ್ತೀನಿ. ಬ್ಯಾಟರಿ ಪಾಸಿಟಿವ್‌ನಿಂದ ಗೇಣುದ್ದದೊಳಗೆ 5 ಆಂಪಿಯರ್ ಫ್ಯೂಸ್. ಫ್ಯೂಸ್ ಇರೋದು ಆಂಪ್ಲಿಫೈಯರನ್ನು ಕಾಪಾಡೋಕೆ ಅಲ್ಲ, ವೈರಿಗೆ ಬೆಂಕಿ ಹತ್ತದಿರೋಕೆ. ಫ್ಯೂಸಿಗೆ ಮೊದಲು ಎಷ್ಟು ಉದ್ದ ವೈರ್ ಇರುತ್ತೋ ಅಷ್ಟೂ ಉದ್ದಕ್ಕೆ ಯಾರ ಕಾವಲೂ ಇಲ್ಲ. ಪವರಿಗೆ 1 ಸ್ಕ್ವೇರ್ ಎಂಎಂ ವೈರ್. ಹಳೇ ಸೆಟ್ಟಿನಲ್ಲಿ ಹಾಕಿದ್ದ ಕೂದಲಿನಂಥ ವೈರಿನಲ್ಲಿ, ಹೋಗಿ ಬರೋ ಮೂರು ಮೀಟರಿಗೆ, ಜೋರಾಗಿ ಹಾಡುವಾಗ ಒಂದು ವೋಲ್ಟ್ ವೈರಿನಲ್ಲೇ ಕರಗಿಹೋಗ್ತಿತ್ತು. ಬೈಕಿನ ನಡುಕಕ್ಕೆ ಸೋಲ್ಡರ್ ಒಂದೇ ಸಾಲದು. ಸೋಲ್ಡರ್ ಹತ್ತಿದ ಭಾಗ ಗಟ್ಟಿಯಾಗಿ, ಅದು ಮುಗಿಯುವ ಕಡೆ ಎಳೆಗಳು ಮುರಿಯುತ್ತವೆ. ಲಗ್ಗು ಕ್ರಿಂಪ್ ಮಾಡಿ, ಸ್ಲೀವ್ ಹಾಕಿ, ಎರಡಿಂಚು ದೂರದಲ್ಲಿ ಟೈ ಬಿಗಿದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೆಯಲ್ಲ ಅಂತ ನೋಡಿಕೊಂಡೆ. ಬೋರ್ಡು, ಪ್ಲೇಯರು ಅತ್ತೆಯ ಒಂದು ಪ್ಲಾಸ್ಟಿಕ್ ಡಬ್ಬದೊಳಗೆ, ಕೆಳಗೆ ಸೈಕಲ್ ಟ್ಯೂಬಿನ ತುಂಡು. ವೈರುಗಳು ಕೆಳಗಿನಿಂದ ಒಳಗೆ ಹೋಗ್ತವೆ, ಒಳಗೆ ಹೋಗೋ ಮೊದಲು ಒಂದು ಸಣ್ಣ ಜೋಲು. ಮಳೆ ನೀರು ವೈರ್ ಹಿಡಿದು ಇಳಿದು ಆ ಜೋಲಿನ ತುದಿಯಿಂದ ತೊಟ್ಟಿಕ್ಕುತ್ತೆ, ಡಬ್ಬದೊಳಗೆ ಹೋಗಲ್ಲ.

ಇಷ್ಟಾಗಿ ಎರಡು ದಿನ. ಕೂಗು ರೆಕಾರ್ಡ್ ಮಾಡೋಕೆ ಮಾತ್ರ ನಾಲ್ಕು ದಿನ ಬೇಕಾಯ್ತು.

ಪೇಟೆಯಲ್ಲಿ ರೆಡಿ ಮಾಡಿಟ್ಟ ಕೂಗು ಸಿಗುತ್ತೆ. ರೇಡಿಯೋ ಜಾಹೀರಾತಿನ ದನಿಯ ಹುಡುಗಿಯೊಬ್ಬಳು "ತಾಜಾ ತಾಜಾ ತರಕಾರಿ" ಅಂತ ಹೇಳೋದು. ಮಾವ ಅದನ್ನು ಅರ್ಧ ಕೇಳಿ ಫೋನ್ ವಾಪಸ್ ಕೊಟ್ಟರು. ಅವರ ಮಗಳು, ಅಂದರೆ ನಮ್ಮ ಅತ್ತೆ ಮಗಳು, ಏಳನೇ ಕ್ಲಾಸು, ನಾನು ಹೇಳ್ತೀನಿ ಅಂದಳು. "ಬೀದಿ ಬೀದೀಲಿ ನಿನ್ ದನಿ ಕೂಗಿಸ್ಲಾ ನಾನು?" ಅಂತ ಮಾವ ಅದನ್ನೂ ಬೇಡ ಅಂದರು. ಅವರಿಗೆ ತಮ್ಮ ದನಿಯೇ ಬೇಕು. ಅದು ಹಠ ಅಲ್ಲ. ಅದೇ ಬೀದಿಗಳಿಗೆ ಇನ್ನೂ ಮೂವರು ಬರ್ತಾರೆ. ಒಳಗೆ ಕೂತ ಹೆಂಗಸಿಗೆ ಯಾರು ಬಂದರು ಅಂತ ಗೊತ್ತಾಗೋದೇ ದನಿಯಿಂದ. ಯಾರ ಸೊಪ್ಪಿನಲ್ಲಿ ಮಣ್ಣು ಕಮ್ಮಿ, ಯಾರು ಸಾಲ ಬರೆದುಕೊಳ್ತಾರೆ, ಯಾರು ಕರಿಬೇವು ಸುಮ್ಮನೆ ಹಾಕ್ತಾರೆ, ಎಲ್ಲ ಆ ದನಿಯಲ್ಲೇ ಬರೆದಿದೆ.

ಆ ದನಿಯೋ ಒಡೆದಿದೆ. ಕೂಗಬಾರದು ಅಂತ ಡಾಕ್ಟರ್ ಆಣೆ. ನಾನು ಹೇಳಿದೆ, "ಮಾವ, ಕೂಗ್ಬೇಡಿ. ಫೋನನ್ನು ಬಾಯಿಗೆ ಗೇಣು ದೂರದಲ್ಲಿ ಇಟ್ಕೊಂಡು, ಅತ್ತೆಗೆ ಕಾಫಿ ಕೇಳೋ ಹಾಗೆ ಹೇಳಿ. ಜೋರು ಮಾಡೋದು ಮಿಷಿನ್ನಿನ ಕೆಲಸ." ಮಾವ ತಲೆ ಆಡಿಸಿದರು. ಫೋನ್ ಮುಂದೆ ಹಿಡಿದ ತಕ್ಷಣ ಎಡಗೈ ತಾನಾಗೇ ಕಿವಿಗೆ ಹೋಯಿತು, ಕತ್ತಿನ ನರ ಉಬ್ಬಿತು, "ಸೊಪ್..." ಅನ್ನೋವಷ್ಟರಲ್ಲಿ ಕೆಮ್ಮು. ಮತ್ತೆ. ಮತ್ತೆ ಅದೇ. ಇಪ್ಪತ್ತೆರಡು ವರ್ಷದ ಅಭ್ಯಾಸ. 'ಸೊಪ್ಪು' ಅನ್ನೋ ಪದವನ್ನು ಮೆತ್ತಗೆ ಹೇಳೋಕೆ ಅವರ ಬಾಯಿಗೆ ಬರ್ತಾನೇ ಇರಲಿಲ್ಲ. ಕೊನೆಗೆ ಅತ್ತೆ ಅವರ ಎಡಗೈ ಮೇಲೆ ಕೈ ಇಟ್ಟು ಗಟ್ಟಿ ಹಿಡಿದು ಕೂತರು. ಕೈ ಮೇಲೇಳದಿದ್ದರೆ ದನಿಯೂ ಮೇಲೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದೂವರೆಗೆ, ದನಿ ಇನ್ನೂ ದಣಿಯೋ ಮೊದಲು, ಒಂದು ಒಳ್ಳೇ ಟೇಕ್ ಸಿಕ್ಕಿತು.

ಹಾರ್ನಿನಲ್ಲಿ ಹಾಕಿ ಕೇಳಿಸಿದೆ. ಅತ್ತೆ ಅಡುಗೆಮನೆಯಿಂದ ಕೇಳಿ ಹೇಳಿದ್ದು: "ಯಾರೋ ಪಂಚಾಯ್ತಿಯೋರು ತೆರಿಗೆ ಕಟ್ಟಿ ಅಂತ ಹೇಳ್ದಂಗದೆ ಕಣಪ್ಪ."

ಸರಿಯಾಗೇ ಹೇಳಿದ್ದರು. ಮೆತ್ತಗೆ ಆಡಿದ ಮಾತನ್ನು ಎಷ್ಟು ಜೋರು ಮಾಡಿದರೂ ಅದು ಜೋರಾದ ಮೆತ್ತನೆ ಮಾತೇ. ನಾವು ಕೂಗುವಾಗ ಗಂಟಲು ಬೇರೆ ಥರ ಕೆಲಸ ಮಾಡುತ್ತೆ. ತಗ್ಗು ಸ್ವರಕ್ಕಿಂತ 1ರಿಂದ 4 ಕಿಲೋಹರ್ಟ್ಸ್ ನಡುವಿನ ಶಕ್ತಿ ಹೆಚ್ಚು ಏರುತ್ತೆ. ನಮ್ಮ ಕಿವಿ ಅತಿ ಚುರುಕಾಗಿರೋದೂ ಆ ಜಾಗದಲ್ಲೇ. ದೂರದಿಂದ ಯಾರೋ ಕರೀತಿದ್ದಾರೆ ಅಂತ ಮನಸ್ಸಿಗೆ ಅನ್ನಿಸೋದು ಶಬ್ದದ ಗಾತ್ರದಿಂದಲ್ಲ, ಈ ಬಣ್ಣದಿಂದ. ಹಾಗಾಗಿ ಆಡಾಸಿಟಿಯಲ್ಲಿ 2ರಿಂದ 3 ಕಿಲೋಹರ್ಟ್ಸ್ ಹತ್ತಿರ ಒಂದು ಗುಡ್ಡ ಎಬ್ಬಿಸಿದೆ, ಕೆಳಗಿನದ್ದನ್ನು ಇಳಿಸಿದೆ, ಕಂಪ್ರೆಸರ್ ಹಾಕಿ ಏರಿಳಿತ ಸಮ ಮಾಡಿದೆ. 'ಸೊಪ್ಪೋಯ್' ಅನ್ನೋದರ 'ಓ'ವನ್ನು ಶ್ರುತಿ ಕೆಡದ ಹಾಗೆ ಸ್ವಲ್ಪ ಎಳೆದೆ. ಮಾವ ಪಕ್ಕದಲ್ಲಿ ಕೂತು ತಮ್ಮ ದನಿಯ ಅಲೆಗಳನ್ನು ಸ್ಕ್ರೀನಿನಲ್ಲಿ ನೋಡ್ತಾ, "ಮೆಂತ್ಯ ಅನ್ನೋವಾಗ ಇನ್ ವಸಿ ಕಿತ್ಕೊ" ಅಂತ ಸೂಚನೆ ಕೊಡ್ತಿದ್ದರು. ನಾಲ್ಕನೇ ದಿನ ಸಂಜೆ ಹಾಕಿದಾಗ ಅತ್ತೆ ಏನೂ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜಿ ಪಾತ್ರೆ ಹಿಡಿದುಕೊಂಡು ಬಂದು, "ಇದೇನ್ ಮಗ ಸಂಜೆ ವತ್ನಲ್ಲಿ ಸೊಪ್ಪು?" ಅಂದರು.

ಶಬ್ದ ಎಷ್ಟಿರಬೇಕು ಅನ್ನೋದನ್ನ ಮಾವನೇ ತೀರ್ಮಾನಿಸಿದ್ದು. ನನಗೆ ಕಾನೂನು ಗೊತ್ತಿತ್ತು: 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಬರವಣಿಗೆಯ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಹಾಕೋ ಹಾಗಿಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅರ್ಜಿ ಬರೆದುಕೊಟ್ಟೆ, ಮಾವ ಹೋಗಿ ಕೊಟ್ಟು ಬಂದರು. ಆದರೆ ಬೀದಿಯ ಲೆಕ್ಕ ಅವರದ್ದು: "ಮಲ್ಗಿರೋ ಕೂಸು ಎದ್ರೆ ಆ ತಾಯಿ ನನ್ನತ್ರ ಸೊಪ್ಪು ತಗಳಕಿಲ್ಲ. ಕೇಳುಸ್ಬೇಕು, ಬಡೀಬಾರ್ದು." ಮೂರನೇ ಅಡ್ಡರಸ್ತೆಯ ತನಕ ಕೇಳಿಸೋ ಕಡೆಗೆ ಡಬ್ಬದೊಳಗಿನ ಪ್ರಿಸೆಟ್ ತಿರುಗಿಸಿ, ನಡುಗಿ ಜರುಗದಿರಲಿ ಅಂತ ಅತ್ತೆ ಮಗಳ ನೇಲ್ ಪಾಲಿಶ್ ಒಂದು ತೊಟ್ಟು ಹಚ್ಚಿದೆ. ಕೂಗು ಎರಡು ಸಲ, ಆಮೇಲೆ ಪಾಸ್. ಬಿಡದೆ ತಿರುಗೋ ರೆಕಾರ್ಡ್ ಹಾಕಿಕೊಂಡು ಬರೋ ಬೇರೆ ಗಾಡಿಗಳ ಬಗ್ಗೆ ಮಾವನಿಗೆ ಏನು ಅಭಿಪ್ರಾಯ ಇದೆಯೋ ಅದನ್ನ ಕಾಲೇಜು ಪತ್ರಿಕೆಯಲ್ಲಿ ಹಾಕೋ ಹಾಗಿಲ್ಲ.

ಬೆಲೆ ರೆಕಾರ್ಡಿನಲ್ಲಿ ಹೇಳಿಸಿಲ್ಲ. ಟೊಮೇಟೊ ಬೆಲೆ ಯಾವತ್ತು ಎಲ್ಲಿ ನಿಲ್ಲುತ್ತೆ ಅಂತ ಯಾವ ಇಂಜಿನಿಯರೂ ಹೇಳಲಾರ. ಜನ ಹತ್ತಿರ ಬಂದ ಮೇಲೆ ಮಾವ ಸಣ್ಣ ದನಿಯಲ್ಲಿ ಹೇಳ್ತಾರೆ. ಮೊದಲ ವಾರ ಚೌಕಾಸಿ ಕಮ್ಮಿ ಆಗಿತ್ತಂತೆ. ಅಷ್ಟು ಮೆತ್ತಗೆ ಮಾತಾಡೋರ ಹತ್ತಿರ ಜಗಳ ಆಡೋಕೆ ಜನಕ್ಕೆ ಮನಸ್ಸು ಬರ್ತಿರಲಿಲ್ಲವಂತೆ.

ನವೆಂಬರಿನಲ್ಲಿ ಮತ್ತೆ ಡಾಕ್ಟರಿಗೆ ತೋರಿಸಿದಾಗ ಗಂಟು ಚಿಕ್ಕದಾಗಿದೆ ಅಂದರು. ಫೋನಿನಲ್ಲಿ ಮಾವನ ದನಿ ಕೇಳಿದರೆ ನನಗೂ ಗೊತ್ತಾಗ್ತಿತ್ತು, ಮರಳು ಉದುರಿಹೋಗಿತ್ತು. ಡಿಸೆಂಬರಿನಲ್ಲಿ ನನಗೆ ಇಂಟರ್ನಲ್ಸ್ ನಡೀವಾಗ ಫೋನ್: "ಅವರೇಕಾಯಿ ಬಂತು ಕಣ್ಲಾ, ಅದುಕ್ಕೊಂದ್ ಕೂಗ್ ಮಾಡ್ಕೊಡು." ಅವರೇ ರೆಕಾರ್ಡ್ ಮಾಡಿ ಕಳಿಸಿದ್ದರು, ಕೈ ಕಿವಿಗೆ ಹೋಗದ ಹಾಗೆ, ಅಚ್ಚುಕಟ್ಟಾಗಿ. ದನಿ ತಿಳಿಯಾಗಿತ್ತು. ಅದನ್ನು ತಿದ್ದಿ, ಎಡಕ್ಕೆ ತಳ್ಳಿ ಕಳಿಸಿದೆ. ಜೊತೆಗೆ, ಸೊಪ್ಪಿನ ಹಳೇ ಕೂಗನ್ನೂ ಈ ಹೊಸ ದನಿಯಲ್ಲಿ ಮಾಡಿಕೊಡ್ತೀನಿ, ಅದರಲ್ಲಿ ತುಂಬಾ ಕರಕರ ಇದೆ ಅಂದೆ.

ವಾರ ಬಿಟ್ಟು ಹೊಸದನ್ನು ಹಾಕಿ ನೋಡಿದರಂತೆ. ಎರಡು ಹಳ್ಳಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು, "ಗಾಡಿ ಯಾರಿಗಾರಾ ಕೊಟ್ಬುಟ್ರಾ?" ಅಂತ ಕೇಳಿದರಂತೆ. ಒಂದು ವರ್ಷದಿಂದ ಅವರಿಗೆ ಪರಿಚಯ ಇದ್ದದ್ದು ಒಡೆದ ದನಿ. ಈಗ ಪೆನ್‌ಡ್ರೈವಿನಲ್ಲಿ ಎರಡೂ ಇವೆ. ಸೊಪ್ಪು ಕೂಗೋದು ಕರಕರ ದನಿಯಲ್ಲಿ, ಅವರೇಕಾಯಿ ಕೂಗೋದು ತಿಳಿ ದನಿಯಲ್ಲಿ. ಒಂದಾದ ಮೇಲೆ ಒಂದು ಬಂದರೆ ಅಣ್ಣತಮ್ಮಂದಿರು ಇಬ್ಬರು ಒಂದೇ ಬೈಕಿನಲ್ಲಿ ಬಂದ ಹಾಗೆ ಕೇಳಿಸುತ್ತೆ. ಅವರೇಕಾಯಿ ಸೀಸನ್ ಮುಗಿದ ಮೇಲೆ ಆ ಫೈಲ್ ಅಳಿಸಲಾ ಅಂತ ಕೇಳಿದೆ. "ಬ್ಯಾಡ ಇರ್ಲಿ, ಮಾವಿನಕಾಯಿಗೂ ಅದೇ ದನೀಲಿ ಹೇಳ್ತೀನಿ" ಅಂದಿದ್ದಾರೆ.